ಪರಿಸರ ದಿನದಂದು ಗಿಡ ಕಿತ್ತವರು

ನಾನು ಪಾಳ್ಯದ ಕಡೆಯವಳು. ಖಾಲಿ ನೆಲ ಕಂಡರೆ ಸಹಿಸದ ಜನ ನಾವು. ನಮ್ಮಪ್ಪ ಗದ್ದೆಯ ಬದುವಿನ ಮೇಲೂ ಅವರೆ ಹಾಕುತ್ತಿದ್ದರು. ಕಣದ ಅಂಚಿಗೆ ಹುಚ್ಚೆಳ್ಳು, ಬೇಲಿಯ ಮೇಲೆ ಹೀರೆಬಳ್ಳಿ, ತಿಪ್ಪೆಯ ಪಕ್ಕದಲ್ಲಿ ಕುಂಬಳ. ಯಾರಾದರೂ ಹೊಲವನ್ನು ಒಂದು ವರ್ಷ ಬೀಳು ಬಿಟ್ಟರೆ ಸಾಕು, ದಾರಿಯಲ್ಲೇ ನಿಂತು, "ಇವ್ನ ಕೈಗೇನ್ ಲಕ್ವ ಹೊಡ್ದೈತಾ?" ಎಂದು ಅವನ ಕಿವಿಗೆ ಬೀಳುವಂತೆಯೇ ಕೇಳುತ್ತಿದ್ದರು. ನೆಲವನ್ನು ಸುಮ್ಮನೆ ಬಿಡುವುದೆಂದರೆ ನಮ್ಮಲ್ಲಿ ಮೈಗಳ್ಳತನ. ಈ ಗುಣವನ್ನು ನಾನು ತವರಿನಿಂದ ಬಳುವಳಿಯಾಗಿ ತಂದಿದ್ದೆ, ಅದರ ಬಗ್ಗೆ ಸಾಕಷ್ಟು ಜಂಬವೂ ಇತ್ತು.

ಮದುವೆಯಾಗಿ ಬಂದದ್ದು ವನಗೂರಿನ ಕಡೆಗೆ. ಜೀಪು ಏದುಸಿರು ಬಿಡುತ್ತ ಏರುವ ರಸ್ತೆ, ರಸ್ತೆಯ ಕೆಳಗೆ ನಮ್ಮ ಎರಡು ಎಕರೆ ಕಾಫಿ, ಅದರ ಕೆಳಗೆ ಹಳ್ಳದ ಗದ್ದೆ. ಇಷ್ಟೆಲ್ಲ ನನ್ನ ಕಣ್ಣಿಗೆ ಸರಿಯಾಗಿಯೇ ಇತ್ತು. ಮನೆಯ ಹಿಂದಿನ ಗುಡ್ಡ ಮಾತ್ರ ಸರಿಯಿರಲಿಲ್ಲ. ಬುಡದಿಂದ ನೆತ್ತಿಯವರೆಗೆ ಬರೀ ಹುಲ್ಲು. ನಮ್ಮದೂ ಸೇರಿ ನಾಲ್ಕು ಮನೆಗಳಿಗೆ ಸೇರಿದ ಅಷ್ಟು ದೊಡ್ಡ ಗುಡ್ಡದಲ್ಲಿ ಒಂದು ಮರವಿಲ್ಲ, ಒಂದು ಬೆಳೆಯಿಲ್ಲ. ಬೋಳುಗುಡ್ಡ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ.

"ಇಷ್ಟು ಜಾಗ ಸುಮ್ನೆ ಬಿಟ್ಟಿದೀರಲ್ಲ ಅತ್ತೆ" ಎಂದು ಹೊಸದರಲ್ಲೇ ಕೇಳಿದೆ. ಹಾಲು ಕರೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಸುಮ್ನೆ ಯಾರ್ ಬಿಟ್ಟವ್ರೆ? ಹುಲ್ಲೈತಲ್ಲವ್ವ" ಅಂದರು.

ಹುಲ್ಲನ್ನು ಬೆಳೆಯೆಂದು ಲೆಕ್ಕಕ್ಕೆ ಹಿಡಿಯುವವರನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಆ ಗುಡ್ಡಕ್ಕೆ ಇದ್ದಷ್ಟು ಕಟ್ಟುಪಾಡು ನಮ್ಮಪ್ಪನ ರಾಗಿ ಹೊಲಕ್ಕೂ ಇರಲಿಲ್ಲ. ಮಳೆ ಹಿಂದಾದ ಮೇಲೆ ಹುಲ್ಲು ತೆನೆ ಬಿಟ್ಟು, ಬಲಿತು, ಬೀಜ ಉದುರಿಸುವ ತನಕ ಯಾರೂ ಕುಡುಗೋಲು ಹಿಡಿದು ಮೇಲೆ ಹತ್ತುವಂತಿಲ್ಲ. ಬೀಜ ಉದುರಿತೋ ಇಲ್ಲವೋ ಎಂದು ನೋಡಿ ಹೇಳುವವರು ನಾಲ್ಕು ಮನೆಗಳಲ್ಲಿ ಹಿರಿಯ ಹೆಂಗಸು, ಅಂದರೆ ಆಗ ನಮ್ಮ ಅತ್ತೆ. ಅವರು ಹೂಂ ಅಂದ ಮೇಲೆ ನಾಲ್ಕು ಮನೆಯವರೂ ಒಂದೇ ದಿನ ಹತ್ತಬೇಕು. ಕುಯ್ದ ಕರಡವನ್ನು, ಅಂದರೆ ಆ ಬಲಿತ ಹುಲ್ಲನ್ನು, ಹೊರೆ ಕಟ್ಟುವ ಮೊದಲು ಪ್ರತಿ ಕಟ್ಟನ್ನೂ ಅಲ್ಲೇ, ಗುಡ್ಡದ ಮೇಲೆಯೇ, ತಲೆಕೆಳಗೆ ಹಿಡಿದು ಚೆನ್ನಾಗಿ ಒದರಬೇಕು. ಆಮೇಲೆ ಹೆಂಗಸರೆಲ್ಲ ಕೂತು ಒಬ್ಬರ ಸೀರೆಯಂಚಿಗೆ ಚುಚ್ಚಿಕೊಂಡ ಹುಲ್ಲಿನ ಬೀಜವನ್ನು ಇನ್ನೊಬ್ಬರು ಆರಿಸಿ ಕೀಳಬೇಕು. ಒಂದು ಬೀಜವೂ ಕೆಳಗೆ ಬರಬಾರದು.

ಮೊದಲ ವರ್ಷ ನನಗೆ ಇದೆಲ್ಲ ನಗೆಪಾಟಲಾಗಿ ಕಂಡಿತು. ನಾನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಮನೆಯಲ್ಲಿ ಪರೀಕ್ಷೆಯ ಪೇಪರಿನ ಕಟ್ಟು ಕಾಯುತ್ತಿತ್ತು. ಸೀರೆಯ ತುಂಬ ಬೀಜ ಅಂಟಿಸಿಕೊಂಡೇ ಇಳಿದುಬಿಟ್ಟೆ. ಅತ್ತೆ ಅಂಗಳದಲ್ಲೇ ತಡೆದು, ಗದ್ದೆಯ ಕಡೆ ಒಂದು ಹೆಜ್ಜೆ ಇಡಬೇಡ ಎಂದು ಗದರಿ, ಸೀರೆ ಬಿಚ್ಚಿಸಿ, ಅದನ್ನು ತಾವೇ ಮತ್ತೆ ಗುಡ್ಡದವರೆಗೆ ಒಯ್ದು ಒದರಿ ತಂದರು. ಮೂರು ದಿನ ನಾವಿಬ್ಬರೂ ಮಾತಾಡಲಿಲ್ಲ.

ಈಚೆಗೆ ಒಂದು ತರಬೇತಿಯಲ್ಲಿ ಈ ಪದ್ಧತಿಯನ್ನು ನಾನು ವಿವರಿಸಿದಾಗ ಎಲ್ಲರೂ ಆಹಾ ಎಂದರು. ನಮ್ಮ ಹಿರಿಯರು ಹುಲ್ಲಿನ ತಳಿಯನ್ನು ಹೇಗೆ ಕಾಪಾಡಿದ್ದರು ನೋಡಿ ಎಂದು ಒಬ್ಬರು ಕೈ ಮುಗಿದೇಬಿಟ್ಟರು. ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರು ನಕ್ಕರು. "ತಳಿನೂ ಇಲ್ಲ ಗಿಳಿನೂ ಇಲ್ಲ ಕಣೆ. ಆ ಬೀಜ ಗದ್ದೆಗೆ ಬಿದ್ರೆ ಕಳೆ ಕಿತ್ತು ಕಿತ್ತು ಸೊಂಟ ಬಿದ್ದೋಯ್ತದೆ. ಅದ್ಕೇ ಒದರ್ತಿದ್ದೋ" ಅಂದರು.

ಈ ಮಾತನ್ನು ಮುಚ್ಚಿಡಬಾರದು ಅಂತಲೇ ಬರೆಯುತ್ತಿದ್ದೇನೆ. ನಮ್ಮ ಗುಡ್ಡದ ಜನ ಋಷಿಮುನಿಗಳಾಗಿರಲಿಲ್ಲ. ನಮ್ಮ ಮಾವನವರ ಅಪ್ಪ ಕಾಡು ಕಡಿದೇ ಕಾಫಿ ಹಾಕಿದ್ದು. ನಾಲ್ಕು ಜನ ತಬ್ಬಿದರೂ ಸಾಲದ ಮರಗಳನ್ನು ಹೇಗೆ ಉರುಳಿಸಿದರು ಎಂಬುದನ್ನು ಅತ್ತೆ ಇವತ್ತಿಗೂ ಯುದ್ಧದ ಕಥೆಯ ಹಾಗೆ ಹೇಳುತ್ತಾರೆ, ಒಂದಿಷ್ಟೂ ಅಳುಕಿಲ್ಲದೆ. ಅವರು ಹುಲ್ಲುಗುಡ್ಡವನ್ನು ಮುಟ್ಟದೆ ಉಳಿಸಿದ್ದು ಭೂತಾಯಿಯ ಮೇಲಿನ ಭಕ್ತಿಯಿಂದಲ್ಲ. ಮನೆಗೆ ಹೊದಿಸಲು ಹುಲ್ಲು ಬೇಕಿತ್ತು, ದನಕ್ಕೆ ಮೇವು ಬೇಕಿತ್ತು, ಗದ್ದೆಯ ಕಳೆ ಬೇಡವಾಗಿತ್ತು. ಆದರೆ ಯಾವ ನೆಲ ಯಾವುದಕ್ಕೆ ಎಂದು ಅವರಿಗೆ ಗೊತ್ತಿತ್ತು, ಒಂದರ ಕೆಲಸವನ್ನು ಇನ್ನೊಂದರ ತಲೆಗೆ ಕಟ್ಟುತ್ತಿರಲಿಲ್ಲ. ಅಷ್ಟು ತಿಳಿದುಕೊಳ್ಳಲು ನನಗೆ ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಅದೂ ಒಂದು ದೊಡ್ಡ ಎಡವಟ್ಟು ಮಾಡಿದ ಮೇಲೆ.

ಶಾಲೆಯಲ್ಲಿ ಪರಿಸರ ಸಂಘದ ಹೊಣೆ ನನ್ನ ಪಾಲಿಗೆ ಬಂತು. ಪ್ರತಿ ಜೂನ್ ಐದಕ್ಕೆ ಶಾಲೆಯ ಕಾಂಪೌಂಡಿನೊಳಗೆ ನಾಲ್ಕು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದು, ಮುಂದಿನ ವರ್ಷ ಅದೇ ಗುಂಡಿಯಲ್ಲಿ ಮತ್ತೆ ನಾಲ್ಕು ಸಸಿ ನೆಡುವುದು ನನಗೆ ನಾಚಿಕೆಯ ವಿಷಯವಾಗಿತ್ತು. ಮಾಡಿದರೆ ದೊಡ್ಡದನ್ನೇ ಮಾಡಬೇಕು ಎಂದು ಹಟ ಹುಟ್ಟಿತು. ಕಣ್ಣೆದುರಿಗೇ ಬೋಳುಗುಡ್ಡ ಇತ್ತಲ್ಲ! ಅಪ್ಪನ ಮಗಳಿಗೆ ಕೈ ತುರಿಸಲು ಇನ್ನೇನು ಬೇಕು? ಒಂದು ನರ್ಸರಿಯಿಂದ ಎರಡು ಪಿಕಪ್ ತುಂಬ ಅಕೇಶಿಯಾ ಸಸಿ ತರಿಸಿದೆ. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ನೀರು ಹಾಕುವ ಕೆಲಸವಿಲ್ಲ. ಉಳಿದ ಮೂರು ಮನೆಯವರು, ಟೀಚರಮ್ಮ ಹೇಳಿದ ಮೇಲೆ ಇನ್ನೇನು ಎಂದು ಒಪ್ಪಿದರು.

ಅತ್ತೆ ಮಾತ್ರ ಸಸಿಗಳ ರಾಶಿಯನ್ನು ಒಂದು ಸುತ್ತು ಹಾಕಿ ನೋಡಿದರು. "ಅದು ಹುಲ್ಲಿನ ಗುಡ್ಡ ಕಣವ್ವ. ಮರ ಬೇಕಿದ್ರೆ ಅದೇ ಬೆಳ್ಸ್ಕತಿತ್ತು. ಇಷ್ಟ್ ಕಾಲ ಅದ್ಕೆ ಬೇಕಾಗ್ಲಿಲ್ಲ" ಅಂದರು.

ನಾನು ಆಮ್ಲಜನಕದಿಂದ ಶುರು ಮಾಡಿದೆ. ಇಂಗಾಲ, ಭೂಮಿ ಬಿಸಿಯಾಗುವುದು, ಮಳೆ ಮೋಡಗಳನ್ನು ಮರ ಕರೆಯುವುದು, ಬೇರು ನೀರು ಹಿಡಿಯುವುದು, ಎಲ್ಲವನ್ನೂ ಎಂಟನೇ ತರಗತಿಗೆ ಹೇಳುವ ಹಾಗೆ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಓದ್ದೋಳು ನೀನು. ಗೊತ್ತಿರ್ತದೆ" ಎಂದು ಒಳಗೆ ಹೋದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ಮಕ್ಕಳೊಂದಿಗೆ ಗುಡ್ಡ ಹತ್ತಿ, ನಮ್ಮ ಮನೆಯ ಕಡೆಯ ಇಳಿಜಾರಿನ ಉದ್ದಕ್ಕೂ ಗುಂಡಿ ತೋಡಿ ನೆಟ್ಟೆವು. ಆಚೆ ಬದಿಯ ಇಳಿಜಾರಿಗೆ ಸಸಿ ಸಾಲಲಿಲ್ಲ, ಅದು ಹಾಗೆಯೇ ಉಳಿಯಿತು.

ಗಿಡಗಳು ನನ್ನ ಮಾತು ಉಳಿಸಿದವು. ನೋಡನೋಡುತ್ತಲೇ ಆಳೆತ್ತರ, ಎರಡಾಳೆತ್ತರ ಆದವು. ರಸ್ತೆಯಲ್ಲಿ ಹೋಗುವವರು ಜೀಪು ನಿಲ್ಲಿಸಿ, ಇದು ಟೀಚರ್ ಬೆಳೆಸಿದ ಕಾಡು ಎಂದು ತೋರಿಸುತ್ತಿದ್ದರು. ತಾಲ್ಲೂಕು ಮಟ್ಟದಲ್ಲಿ ಒಂದು ಸನ್ಮಾನವಾಯಿತು, ಶಾಲು, ಹಾರ, ಪ್ರಶಸ್ತಿ ಪತ್ರ. ಪತ್ರಿಕೆಯಲ್ಲಿ ಫೋಟೋ ಬಂದ ದಿನ ನಮ್ಮಪ್ಪ ಪಾಳ್ಯದಿಂದ ಬಸ್ ಹತ್ತಿ ಬಂದು, ಗುಡ್ಡದ ಬುಡದಲ್ಲಿ ನಿಂತು, "ಈಗ ನೆಲ ಅಂದ್ರೆ ನೆಲ ಆಯ್ತು ನೋಡು" ಎಂದು ಕಣ್ತುಂಬಿಕೊಂಡರು. ಆ ಹೊತ್ತಿನಲ್ಲಿ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಆಮೇಲೆ ಒರತೆ ಸೊರಗಲು ಶುರುವಾಯಿತು.

ನಮ್ಮ ಮನೆಗೆ ಬೋರ್‌ವೆಲ್ ಇಲ್ಲ, ಪಂಪಿಲ್ಲ. ಗುಡ್ಡದ ಬುಡದಲ್ಲಿ ಬಂಡೆಯ ಸಂದಿಯಿಂದ ಒರತೆ ಬರುತ್ತದೆ, ಅಲ್ಲಿಂದ ಪೈಪಿನಲ್ಲಿ ತಾನೇ ಇಳಿದು ಮನೆಯ ತೊಟ್ಟಿ ತುಂಬುತ್ತದೆ. ಹೆಚ್ಚಾದ ನೀರು ಗದ್ದೆಗೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಅದು ನಿಂತದ್ದನ್ನು ಕಂಡಿರಲಿಲ್ಲ. ಮೊದಲು ಏಪ್ರಿಲ್‌ನಲ್ಲಿ ತೊಟ್ಟಿ ತುಂಬುವುದು ತಡವಾಯಿತು. ಮುಂದಿನ ವರ್ಷ ಮಾರ್ಚ್‌ನಲ್ಲೇ ತಡವಾಯಿತು. ಅದರ ಮುಂದಿನ ವರ್ಷ ಪೈಪಿನಿಂದ ನೂಲಿನಂಥ ನೀರು, ದನಕ್ಕೆ ಕುಡಿಸಲು ಹಳ್ಳಕ್ಕೆ ಹೊಡೆದುಕೊಂಡು ಹೋಗಬೇಕಾಯಿತು. ನನ್ನ ಬಳಿ ಕಾರಣಗಳು ಬೇಕಾದಷ್ಟಿದ್ದವು. ಮಳೆ ಮೊದಲಿನ ಹಾಗೆ ಇಲ್ಲ, ಮೇಲಿನ ಎಸ್ಟೇಟಿನವರು ಬೋರ್ ಕೊರೆಸಿದ್ದಾರೆ, ಪೈಪಿನಲ್ಲಿ ಕಸ ಕಟ್ಟಿದೆ. ನನ್ನ ಯಜಮಾನರು ಪಾಪ, ನನ್ನ ಮಾತು ನಂಬಿ ಎರಡು ಸಲ ಪೈಪು ಬಿಚ್ಚಿ ಜೋಡಿಸಿದರು. ಅತ್ತೆ ದಿನಾ ಬೆಳಿಗ್ಗೆ ಒರತೆಯ ಹತ್ತಿರ ಹೋಗಿ ನಿಂತು ಬರುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಆ ಒರತೆ ನಿಂತರೆ ಅವರು ಒಳಗೊಳಗೇ ಮುರಿದುಹೋಗುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಅಷ್ಟು ಸೊಕ್ಕು.

ಆ ವರ್ಷ ಯುಗಾದಿಯ ಬೆಳಿಗ್ಗೆ ಅತ್ತೆ ಹಿತ್ತಾಳೆ ಕೊಡಪಾನ ಎತ್ತಿಕೊಂಡು, "ಬಾ ನನ್ ಜೊತೆ" ಅಂದರು. ಯುಗಾದಿಯ ಎಣ್ಣೆ ಸ್ನಾನಕ್ಕೆ ಮೊದಲ ಕೊಡ ಒರತೆಯಿಂದಲೇ ತರಬೇಕು, ಅದು ಈ ಮನೆಯ ರೂಢಿ. ಕೊಡ ತುಂಬುವವರೆಗೆ ಅವರು ನಿಂತು ಒಂದು ಸೋಬಾನೆ ಪದ ಹೇಳುತ್ತಾರೆ, ಪ್ರತಿ ವರ್ಷ ಅದೇ ಪದ, ಅದೇ ನಿಧಾನ. ಬಂಡೆಯ ಸಂದಿಗೆ ಕೊಡ ಇಟ್ಟು ಹಾಡಿದರು. ಪದ ಮುಗಿಯಿತು, ಕೊಡ ತುಂಬಲಿಲ್ಲ. ಮತ್ತೆ ಮೊದಲಿನಿಂದ ಹಾಡಿದರು. ಮೂರನೆಯ ಸಲ ಮುಗಿಯುವ ಹೊತ್ತಿಗೆ ನೀರು ಕೊಡದ ಕತ್ತಿಗೆ ಬಂತು.

"ನಾನ್ ಬಂದ್ ವರ್ಸದಿಂದ ಒಂದ್ ಪದಕ್ಕೆ ಒಂದ್ ಕೊಡ ತುಂಬ್ತಿತ್ತು" ಅಂದರು. ಅಷ್ಟು ಹೇಳಿ ನೀರನ್ನು ಮನೆಯ ತೊಟ್ಟಿಗೆ ಸುರಿದು ಬಂದು, ಖಾಲಿ ಕೊಡ ಸೊಂಟಕ್ಕಿಟ್ಟು ಗುಡ್ಡದ ಆಚೆ ಬದಿಗೆ ನಡೆದರು. ನಾನು ಹಿಂದೆ ಹಿಂದೆ ಹೋದೆ. ಆ ಕಡೆಯ ಬುಡದಲ್ಲೂ ಒಂದು ಒರತೆ ಇದೆ, ಅದು ಪಕ್ಕದ ಮನೆಯವರದು. ಅಲ್ಲಿ ಮೇಲೆಲ್ಲ ಬರೀ ಹುಲ್ಲು. ಅತ್ತೆ ಅದೇ ಕೊಡ ಇಟ್ಟು ಅದೇ ಪದ ಹೇಳಿದರು. ಕೊನೆಯ ಸಾಲು ಇನ್ನೂ ಬಾಕಿ ಇತ್ತು, ಕೊಡ ತುಂಬಿ ಹರಿಯಿತು.

ಒಂದೇ ಗುಡ್ಡ, ಒಂದೇ ಮಳೆ, ಒಂದೇ ಕೊಡ, ಒಂದೇ ಹಾಡು. ಬೇರೆ ಇದ್ದದ್ದು ಒಂದೇ, ಒರತೆಗೆ ಇಳಿಯುವ ಮೊದಲೇ ನೀರನ್ನು ಹೀರಿಕೊಳ್ಳುತ್ತಿದ್ದ ಮೇಲಿನ ನನ್ನ ಮರಗಳು. ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಎರಡು ಕುಂಡದಲ್ಲಿ ಹುರುಳಿ ಹಾಕಿಸಿ, ಒಂದನ್ನು ಬಿಸಿಲಿಗೂ ಇನ್ನೊಂದನ್ನು ಕತ್ತಲೆಗೂ ಇಟ್ಟು, ಪ್ರಯೋಗ ಮಾಡುವಾಗ ಒಂದನ್ನು ಮಾತ್ರ ಬದಲಿಸಬೇಕು ಮಕ್ಕಳೇ ಎಂದು ಹೇಳಿಕೊಡುವವಳು ನಾನು. ಓದುಬರಹ ಬಾರದ ಅತ್ತೆ ಅದನ್ನೇ ಮಾಡಿ ತೋರಿಸಿದ್ದರು. ಒಂದು ಗುಡ್ಡದಿಂದ ಜಗತ್ತಿಗೆಲ್ಲ ಅನ್ವಯಿಸುವ ಸಿದ್ಧಾಂತ ಹೇಳಲು ಬರುವುದಿಲ್ಲ, ಮಳೆಯ ಲೆಕ್ಕವೂ ತಪ್ಪಿರುವುದು ನಿಜವೇ. ಆದರೆ ನಮ್ಮ ಗುಡ್ಡದ ಮಟ್ಟಿಗೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. "ಇಷ್ಟು ಗೊತ್ತಿದ್ದೋರು ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಅತ್ತೆಯ ಮೇಲೇ ರೇಗಿದೆ.

"ಹೇಳ್ದೆ. ನೀನ್ ಪಾಠ ಮಾಡ್ದೆ" ಅಂದರು.

ಆಮೇಲೆ ಇಬ್ಬರೂ ಕೊಡವನ್ನು ಸರದಿಯ ಮೇಲೆ ಹೊತ್ತುಕೊಂಡು ಮನೆಗೆ ಬಂದೆವು.

ನೆಡುವುದು ಸುಲಭ, ನೆಟ್ಟದ್ದನ್ನು ಕಡಿಯುವುದು ಕಷ್ಟ ಎಂದು ಆಮೇಲೆ ಗೊತ್ತಾಯಿತು. ಅರ್ಜಿ ಹಿಡಿದು ಹೋದಾಗ ಅರಣ್ಯ ಇಲಾಖೆಯ ಕಚೇರಿಯಲ್ಲಿದ್ದವರು ನನ್ನ ಮುಖವನ್ನೂ ಅರ್ಜಿಯನ್ನೂ ಎರಡೆರಡು ಸಲ ನೋಡಿದರು. "ಮೇಡಂ, ನಿಮ್ಗೇ ಅಲ್ವಾ ಶಾಲು ಹೊದ್ಸಿದ್ದು? ಈಗ ನೀವೇ ಕಡೀತೀನಿ ಅಂತೀರಲ್ಲ!" ಎಂದರು. ಹೌದು, ನಾನೇ ಎಂದೆ. ಕಾರಣ ಬರೆಯುವ ಜಾಗದಲ್ಲಿ ಏನು ಬರೆಯಲಿ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ, ತಪ್ಪು ಜಾಗದಲ್ಲಿ ನೆಟ್ಟದ್ದರಿಂದ ಎಂದು ಬರೆದು ಸಹಿ ಹಾಕಿದೆ. ಒಪ್ಪಿಗೆ ಬರುವಷ್ಟರಲ್ಲಿ ನನ್ನ ಚಪ್ಪಲಿ ಸವೆದಿತ್ತು. ಊರಿನಲ್ಲಿ ಆಡಿಕೊಂಡವರಿಗೇನೂ ಕಡಿಮೆಯಿಲ್ಲ. ಮರ ಮಾರಿಕೊಳ್ಳಲು ಹೊರಟಿದ್ದಾಳೆ ಎಂದರು ಕೆಲವರು. ಕಡಿದ ಮರವನ್ನು ನಾಲ್ಕು ಮನೆಯ ಬಚ್ಚಲೊಲೆಗೂ ಹಬ್ಬದ ಸೌದೆಗೂ ಹಂಚಿದ ಮೇಲೆ ಆ ಮಾತು ನಿಂತಿತು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲಿನ ನೆಲ ಅಲ್ಲಿನೋರ್ಗೇ ಗೊತ್ತು ಬುಡವ್ವ" ಎಂದರು. ಜೀವಮಾನವೆಲ್ಲ ನೆಲವನ್ನು ಬಿಡದೆ ಉತ್ತ ಮನುಷ್ಯನ ಬಾಯಲ್ಲಿ ಬಂದ ಆ ಮಾತು ನನಗೆ ದೊಡ್ಡದು.

ಮರ ಹೋದರೂ ಅದರ ಸಂತಾನ ಹೋಗಲಿಲ್ಲ. ಮೊದಲ ಮುಂಗಾರು ಹನಿಗೆ ಗುಡ್ಡದ ತುಂಬ ಅಕೇಶಿಯಾ ಮೊಳಕೆ. ಬಿಟ್ಟರೆ ಮತ್ತೆ ಅದೇ ಕಾಡು. ಅಷ್ಟರಲ್ಲಿ ಜೂನ್ ಐದು ಹತ್ತಿರ ಬಂತು. ನಾನು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, ಈ ವರ್ಷ ಪರಿಸರ ದಿನಕ್ಕೆ ಮಕ್ಕಳನ್ನು ಗಿಡ ಕೀಳಲು ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಯಾರಾದ್ರೂ ಫೋಟೋ ತೆಗೆದು ವಾಟ್ಸಾಪಲ್ಲಿ ಬಿಟ್ರೆ ನನ್ನ ಕತೆ ಏನು?" ಎಂದರು. ಅವರನ್ನು ಒಂದು ಸಲ ಎರಡೂ ಒರತೆಗೆ ಕರೆದುಕೊಂಡು ಹೋದೆ. ಅವರಿಗೆ ಸೋಬಾನೆ ಬರುವುದಿಲ್ಲ, ಎರಡು ಕಡೆಯೂ ಕೊಡ ತುಂಬಲು ಹಿಡಿದ ಸಮಯವನ್ನು ಮೊಬೈಲಿನಲ್ಲಿ ನೋಡಿಕೊಂಡರು. ವಾಪಸು ಬರುವಾಗ, "ನಾನೂ ಬರ್ತೀನಿ ಅವತ್ತು" ಎಂದಷ್ಟೇ ಹೇಳಿದರು.

ಪರಿಸರ ದಿನದಂದು ಗಿಡ ಕಿತ್ತ ಶಾಲೆ ಈ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ಇದನ್ನು ಬರೆಯುವಾಗಲೂ ನನ್ನ ಎದೆ ಉಬ್ಬುತ್ತದೆ. ಜಿಟಿಜಿಟಿ ಮಳೆಯಲ್ಲಿ ಕೊಪ್ಪೆ, ಪ್ಲಾಸ್ಟಿಕ್ಕು ಹೊದ್ದುಕೊಂಡ ಮಕ್ಕಳು ಸಾಲಾಗಿ ಗುಡ್ಡ ಹತ್ತಿದರು. ಯಾವುದು ಕೀಳಬೇಕು, ಯಾವುದು ಮುಟ್ಟಬಾರದು ಎಂದು ತೋರಿಸಿದವರು ಅತ್ತೆ. ಎಪ್ಪತ್ತು ದಾಟಿದ ಹೆಂಗಸು ಕಂಬಳಿ ಹೊದ್ದು ನೆತ್ತಿಯವರೆಗೆ ಹತ್ತಿದರು. ಮಕ್ಕಳು ಹುಲ್ಲಿನ ಹೆಸರು ಕೇಳಿದರೆ ಹೆಸರು, ಅದು ಯಾವ ದನಕ್ಕೆ ಇಷ್ಟ ಎಂದರೆ ಅದನ್ನೂ ಹೇಳಿದರು. ಒಂದು ಬುಡವನ್ನು ಕೈಯಿಂದ ಬಿಡಿಸಿ, ಹುಲ್ಲಿನ ಬೇರು ಮಣ್ಣನ್ನು ಹೇಗೆ ಹಿಡಿದುಕೊಂಡಿದೆ, ಆ ಮಣ್ಣು ಎಷ್ಟು ತೇವ ಇದೆ ಎಂದು ಮಕ್ಕಳ ಅಂಗೈಗೆ ಹಾಕಿದರು. ನಾನು ಆ ದಿನ ಪಾಠ ಮಾಡಲಿಲ್ಲ, ಮಕ್ಕಳ ಜೊತೆ ಕೂತು ಕೇಳಿಸಿಕೊಂಡೆ. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ಕ್ಲಾಸು ನಡೆದದ್ದು ನನಗೆ ನೆನಪಿಲ್ಲ.

ಅಲ್ಲಿಂದೀಚೆಗೆ ಪ್ರತಿ ಜೂನಿಗೂ ಹತ್ತುತ್ತೇವೆ. ಮೊಳಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದೆ, ಕರಡ ಮತ್ತೆ ಮಂಡಿಯವರೆಗೆ ಬಂದಿದೆ. ಆದರೆ ಈಗ ಯಾರ ಮನೆಗೂ ಹುಲ್ಲು ಹೊದಿಸುವುದಿಲ್ಲ, ನಾಲ್ಕು ಮನೆ ಸೇರಿಸಿದರೂ ದನ ಹತ್ತು ದಾಟುವುದಿಲ್ಲ. ಹಿರಿಯರು ಗುಡ್ಡವನ್ನು ಯಾವ ಕಾರಣಕ್ಕೆ ಇಟ್ಟುಕೊಂಡಿದ್ದರೋ ಆ ಕಾರಣಗಳೆಲ್ಲ ಒಂದೊಂದಾಗಿ ಮುಗಿದಿವೆ. ಕಾರಣ ಮುಗಿದ ನೆಲಕ್ಕೆ ಕೈ ಹಾಕುವವರು ನನ್ನಂಥ ಒಳ್ಳೆ ಮನಸ್ಸಿನವರೂ ಇರುತ್ತಾರೆ, ರೆಸಾರ್ಟ್ ಕಟ್ಟುವವರೂ ಇರುತ್ತಾರೆ. ಹಾಗಾಗಿ ಹೊಸ ಕಾರಣವನ್ನು ನಾವೇ ಹೇಳಬೇಕು, ಗಟ್ಟಿಯಾಗಿ ಹೇಳಬೇಕು. ನಮ್ಮ ಕಾರಣ ನೀರು.

ಮರ ಕಡಿದ ಮೂರನೆಯ ಬೇಸಿಗೆ ತೊಟ್ಟಿ ಏಪ್ರಿಲ್ ಕೊನೆಯವರೆಗೂ ತುಂಬಿತು. ಹಿಂದಿನಷ್ಟು ಅಲ್ಲ, ಆದರೆ ದನವನ್ನು ಹಳ್ಳಕ್ಕೆ ಹೊಡೆಯುವ ಪ್ರಮೇಯ ಬರಲಿಲ್ಲ. ಆ ದಿನಗಳಲ್ಲೇ ಅತ್ತೆಯ ತಮ್ಮ, ನನಗೆ ಮಾವ ಆಗಬೇಕು, ಮಾರನಹಳ್ಳಿಯಿಂದ ಬಂದರು. ಹೆದ್ದಾರಿಯ ಮೇಲುಗಡೆ ಅವರಿಗೂ ಒಂದು ಹುಲ್ಲಿನ ಇಳಿಜಾರು ಇದೆ. ಯಾರೋ ಪುಕ್ಕಟೆ ಸಸಿ ಕೊಟ್ಟು, ನೆಟ್ಟೂ ಕೊಡುತ್ತೇವೆ ಎಂದಿದ್ದಾರಂತೆ. ಒಪ್ಪಲೋ ಬೇಡವೋ ಎಂದು ಅಕ್ಕನನ್ನು ಕೇಳಲು ಬಂದಿದ್ದರು.

ಜಗಲಿಯಲ್ಲಿ ಕೂತು ಕಾಳು ಮೆಣಸು ಕೇರುತ್ತಿದ್ದ ಅತ್ತೆ, ತಮ್ಮನ ಮಾತು ಪೂರ್ತಿ ಕೇಳಿ ಮೊರ ಕೆಳಗಿಟ್ಟರು.

"ನನ್ನೇನ್ ಕೇಳ್ತೀಯ ಮಾರಾಯ? ಗುಡ್ಡ ಅಂದ್ರೆ ಹುಲ್ಲು ಅಂತ ಅಷ್ಟೇ ನಂಗ್ ಗೊತ್ತು. ಯಾಕೆ ಅಂತ ಹೇಳಾಕ್ ಬರಕಿಲ್ಲ. ಅದ್ನ ಹೇಳೋಳು ಇವ್ಳು. ನೆಟ್ಟೋಳೂ ಇವ್ಳೇ, ಕಿತ್ತೋಳೂ ಇವ್ಳೇ. ಇವ್ಳು ಹೆಂಗಂತಾಳೋ ಹಂಗ್ ಮಾಡು" ಅಂದರು.

ಮಾವ ನನ್ನ ಕಡೆ ತಿರುಗಿದರು. ಅತ್ತೆ ಮತ್ತೆ ಮೊರ ಎತ್ತಿಕೊಂಡು ಕೇರತೊಡಗಿದರು, ತಾವು ಹೇಳಿದ್ದು ದೊಡ್ಡ ಮಾತೇನಲ್ಲ ಎನ್ನುವ ಹಾಗೆ. ನಾನು ಕಾಫಿ ಲೋಟವನ್ನು ಮಾವನ ಕೈಗೆ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಅವರ ಎದುರಿಗೆ ಕೂತೆ.

"ನಿಧಾನಕ್ಕೆ ಕುಡೀರಿ ಮಾವ" ಎಂದೆ. "ನಾನು ಮಾಡಿದ್ ತಪ್ಪಿಂದ್ಲೇ ಶುರು ಮಾಡ್ತೀನಿ."